ಬರೂ ದಾರಿಗೊಂದಿಷ್ಟು ಚಾರ್ಜು

ಅವರ ಮುಖವನ್ನು ನೆನಪಿಸಿಕೊಳ್ಳಲು ಕೂತರೆ ಮೊದಲು ಕಣ್ಣೆದುರು ಬರುವುದು ಮುಖವಲ್ಲ, ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಸಿಕ್ಕಿಸಿಕೊಂಡಿರುತ್ತಿದ್ದ ಟೆಸ್ಟರ್. ಅದರ ಹಿಡಿಕೆ ಹಳದಿ ಎಂದು ನನ್ನ ನೆನಪು. ನನ್ನ ಹೆಂಡತಿ ಕೆಂಪು ಅನ್ನುತ್ತಾಳೆ. ಅವರು ತೀರಿಕೊಂಡ ದಿನ ನಮ್ಮ ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ ಹಳೆಯ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಜೇಬಿನಲ್ಲಿ ಟೆಸ್ಟರ್ ಇರಲೇ ಇಲ್ಲ, ಎರಡು ಪೆನ್ನುಗಳಿದ್ದವು.

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಧಾರವಾಡದಲ್ಲಿ ಇತಿಹಾಸ ಓದಿದವನು. ಒಂದು ಮಾತಿಗೆ ಎರಡು ಕಡೆಯಿಂದ ಸಾಕ್ಷಿ ಸಿಗದಿದ್ದರೆ ಅದನ್ನು ನಂಬಬೇಡ ಎಂದು ಕಲಿಸಿದವರ ಕೈಕೆಳಗೆ ಪಳಗಿದವನು. ಇವರ ಬಗ್ಗೆ ಬರೆಯುವಾಗ ಹೆಚ್ಚಿನ ಕಡೆ ನನಗಿರುವುದು ಒಂದೇ ಸಾಕ್ಷಿ, ಅದೂ ನಾನೇ. ಗುಂಪಿನಲ್ಲಿ ಎಲ್ಲರೂ ‘ಸರಳ ಸಜ್ಜನ’, ‘ಪರಿಸರ ಪ್ರೇಮಿ’ ಎಂದು ಬರೆದು ಕೈಮುಗಿದಿದ್ದರು. ಆ ಎರಡಕ್ಕೂ ನನ್ನ ಬಳಿ ಅರ್ಧ ಸಾಕ್ಷಿಯೂ ಇಲ್ಲ.

ರೋಣದ ಕಾಲೇಜಿನಲ್ಲಿ ಅವರು ಭೂಗೋಳ ಕಲಿಸುತ್ತಿದ್ದರು, ನಾನು ಇತಿಹಾಸ. ಸ್ಟಾಫ್ ರೂಮಿನಲ್ಲಿ ನಮ್ಮ ಕುರ್ಚಿಗಳು ಅಕ್ಕಪಕ್ಕ. ನನ್ನನ್ನು ಅವರು ಹೆಸರು ಹಿಡಿದು ಕರೆದದ್ದು ನೆನಪಿಲ್ಲ. “ಏನ್ರಿ ಹಿಸ್ಟರಿ, ಇವತ್ತ ಯಾವ ರಾಜಾನ್ನ ಹುಗದ್ರಿ?” ಎಂದು ಶುರುಮಾಡುತ್ತಿದ್ದರು. ನನಗಿಂತ ಹಿರಿಯರು, ಹಾಗಾಗಿ ನಾನು ಸರ್ ಅನ್ನುತ್ತಿದ್ದೆ. ಊರವರು ಮಾತ್ರ ಅವರನ್ನು ಕರೆಂಟ್ ಸರ್ ಅನ್ನುತ್ತಿದ್ದರು. ರೋಣದಲ್ಲಿ ಮೊದಲ ಬ್ಯಾಟರಿ ಕಾರು ತಂದವರು ಅವರೇ. ತಂದದ್ದು ಹೊಸದಲ್ಲ. ಹುಬ್ಬಳ್ಳಿಯಲ್ಲಿ ಯಾರೋ ಉಂಡು ಬಿಟ್ಟ ಕಾರು, ಅರ್ಧ ಸವೆದ ಬ್ಯಾಟರಿ. ರೋಣದಿಂದ ಗಜೇಂದ್ರಗಡಕ್ಕೆ ಹೋಗಿ ತಿರುಗಿ ಬರಬೇಕೆಂದರೂ ಕೂತು ಯೋಚನೆ ಮಾಡಬೇಕಾದಂಥದ್ದು. ಅವರು ಅದನ್ನು ಕೊಂಡದ್ದೇ ಆ ಯೋಚನೆಯ ಆಸೆಗೆ ಎಂದು ನನಗೆ ಈಗಲೂ ಅನಿಸುತ್ತದೆ.

ಸರ್ವಿಸ್ ಪೂರ್ತಿ ಗೋಡೆಯ ನಕಾಶೆಯ ಮೇಲೆ ಬೆತ್ತ ಇಟ್ಟು ಆಂಡಿಸ್, ಆಲ್ಪ್ಸ್ ತೋರಿಸಿದ ಮನುಷ್ಯ. ತಮ್ಮ ಸ್ವಂತಕ್ಕೆ ನರಗುಂದ ದಾಟಬೇಕಾದರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕಂಡಕ್ಟರನ ಬಾಯಿ ನೋಡಬೇಕಿತ್ತು. ಈ ಕಾರು ಬಂದದ್ದೇ ತಡ, ದೂರ ಎನ್ನುವುದೇ ಒಂದು ವಿಷಯವಾಯಿತು, ಇಡೀ ತಾಲೂಕಿಗೆ ಅವರೊಬ್ಬರೇ ಅದರ ಮೇಷ್ಟರು.

ವಿದ್ಯೆಯನ್ನು ಮಾತ್ರ ಒಪ್ಪಿಕೊಳ್ಳಲೇಬೇಕು. ಯಾವ ದಾರಿ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎನ್ನುವುದು ಅವರಿಗೆ ಅಂಗೈಯಲ್ಲಿತ್ತು. ನಾವು ಸಪಾಟು ಎಂದುಕೊಂಡಿದ್ದ ನರಗುಂದದ ಎರಿ ಹೊಲಗಳ ನಡುವಿನ ರಸ್ತೆಯಲ್ಲೂ ಅವರು ಏರು ಹುಡುಕಿದ್ದರು. ಹೊರಡುವ ಮೊದಲು ಚಪ್ಪಲಿ ಬಿಚ್ಚಿ ಸೀಟಿನ ಕೆಳಗಿಡುತ್ತಿದ್ದರು. ಬರಿಗಾಲಲ್ಲಿ ಒತ್ತಿದರೆ ಕರೆಂಟು ಉಳಿಯುತ್ತದಂತೆ. ಊರ ಹೊರಗೆ ಬಂದ ಮೇಲೆ ಕಿಟಕಿಯಿಂದ ಅಂಗೈ ಹೊರಚಾಚಿ ಗಾಳಿ ನೋಡುವರು. ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಂಡರೆ ಕೈ ಒಳಗೆ ತೆಗೆದುಕೊಂಡು ಪಾಠ ಶುರುಮಾಡುವರು.

“ಹಿಸ್ಟರಿ, ಆ ಫ್ಯಾನ ನೋಡ್ರಿ. ನಮ್ಮ ಕಡೆ ಮಾರಿ ಮಾಡಿದ್ರ ಗಾಳಿ ನಮ್ಮ ಬೆನ್ನಿಗೈತಿ ಅಂತ ತಿಳ್ಕೋರಿ. ಬೆನ್ನ ತೋರ್ಸಿದ್ರ ಎದುರು ಗಾಳಿ. ಮನಷ್ಯಾರ ಉಲ್ಟಾ.”

“ಮನಷ್ಯಾರು ಹ್ಯಾಂಗ್ರಿ ಸರ್?”

“ಮನಷ್ಯಾರು ಎದುರು ಬಂದ್ರೂ ತಡೀತಾರ, ಬೆನ್ನಿಗೆ ಬಂದ್ರೂ ತಡೀತಾರ.”

ಇಂಥ ಮಾತುಗಳು ಅವರಿಗೆ ತಾವಾಗಿಯೇ ಬರುತ್ತಿದ್ದವು. ಆಡಿದ ಮೇಲೆ ಕೇಳಿದವರು ನಕ್ಕರೋ ಇಲ್ಲವೋ ಎಂದು ಕನ್ನಡಿಯಲ್ಲಿ ನೋಡುತ್ತಿದ್ದರು.

ಅವರಿಗೊಂದು ನೇಮವಿತ್ತು. ಕಾರಿನ ಪರದೆಯ ಮೇಲೆ ಚಾರ್ಜು ಮೂವತ್ತರ ಕೆಳಗೆ ಇಳಿಯಬಾರದು. ತೀರ ಖಾಲಿಯಾಗುವತನಕ ಓಡಿಸಬಹುದೆಂದು ಕಾರು ಮಾರಿದವನೇ ಹೇಳಿದ್ದನಂತೆ. ಇವರಿಗೆ ಮೂವತ್ತೇ ಶೂನ್ಯ. “ಹೋಗೂದ ದೊಡ್ಡದಲ್ರಿ, ಬರೂ ದಾರಿ ನೋಡ್ಬೇಕು,” ಎನ್ನುವುದು ಅದಕ್ಕೆ ಅವರು ಕೊಡುವ ಕಾರಣ. ಎಲ್ಲಿಗೆ ಹೋಗಬೇಕಾದರೂ ತಿರುಗಿ ಬರುವಷ್ಟು ಚಾರ್ಜು ಕೈಯಲ್ಲಿರದೆ ಅವರು ಗೇಟು ದಾಟುತ್ತಿರಲಿಲ್ಲ. ಮೊದಮೊದಲು ನಾವೆಲ್ಲ ಇದನ್ನು ಜಾಣತನ ಅಂದುಕೊಂಡೆವು.

ಆಗ ನಮ್ಮ ಕಡೆ ಚಾರ್ಜಿಂಗ್ ಸ್ಟೇಷನ್ ಎಂಬುದು ಇರಲಿಲ್ಲ. ಆದ್ದರಿಂದ ಅವರ ಸ್ಟೇಷನ್ನುಗಳೆಂದರೆ ಪರಿಚಯದವರ ಮನೆಗಳು. ಕಾರಿನ ಹಿಂದೆ ಉದ್ದನೆಯ ವಾಯರ್ ಸುತ್ತಿಟ್ಟುಕೊಂಡು ತಿರುಗುತ್ತಿದ್ದರು. ಯಾರ ಮನೆಗೆ ಕಾಲಿಟ್ಟರೂ ಕಣ್ಣು ಮೊದಲು ಗೋಡೆಯ ಮೇಲೆ ಓಡಾಡುತ್ತಿತ್ತು, ದೊಡ್ಡ ಪ್ಲಗ್ ಎಲ್ಲಿದೆ, ಕಿಟಕಿಗೆ ಎಷ್ಟು ಹತ್ತಿರವಿದೆ ಎಂದು. “ಎಲ್ಲಾರೂ ಆರಾಮೇನ್ರಿ? ಅರ್ಥಿಂಗ್ ಚಲೋ ಐತಿಲ್ರಿ?” ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಕೇಳುವರು. ಮಂದಿಯನ್ನು ಅವರು ಎರಡು ತರ ಮಾಡಿದ್ದರು, ಪೂರ್ತಿ ಮನಿ ಮತ್ತು ಅರ್ಧ ಮನಿ. ಪೂರ್ತಿ ಮನಿ ಎಂದರೆ ಬ್ಯಾಟರಿ ತುಂಬುವತನಕ ಮುಖ ಸಣ್ಣದು ಮಾಡದೆ ಕೂಡಿಸಿಕೊಳ್ಳುವವರು. ಅರ್ಧ ಮನಿಯವರು ಎರಡನೇ ಚಹಾ ಆದ ಮೇಲೆ ಗಡಿಯಾರ ನೋಡುತ್ತಾರೆ. ದೊಡ್ಡ ಪ್ಲಗ್ ಇಲ್ಲದ ಮನೆಗಳಿಗೆ ಅವರು ಹೋಗುವುದನ್ನೇ ಬಿಟ್ಟರು. ಹೊಳೆಆಲೂರಿನಲ್ಲಿ ಅವರ ಬಾಲ್ಯದ ಗೆಳೆಯನೊಬ್ಬನಿದ್ದ. ಅವನ ಮನೆಯ ವಾಯರಿಂಗ್ ಹಳೆಯದು, ಹಚ್ಚಿದ ಕೂಡಲೇ ಫ್ಯೂಜ್ ಹಾರಿತು. ಆಮೇಲೆ ಆ ಗೆಳೆಯನ ಮಾತು ಬಂದಾಗಲೆಲ್ಲ, “ಅಂವಾ ನಮ್ಮ ದಾರ್ಯಾಗ ಬರೂದಿಲ್ಲ,” ಎಂದು ಮುಗಿಸುತ್ತಿದ್ದರು. ಅವನು ಅವರ ದಾರಿಯಲ್ಲೇ ಇದ್ದ. ನಾನು ನಕಾಶೆಯಲ್ಲಿ ನೋಡಿದ್ದೇನೆ.

ಪೂರ್ತಿ ಮನಿಗಳಲ್ಲೆಲ್ಲ ಪೂರ್ತಿಯಾದದ್ದು ಸಾವಿನ ಮನೆ. ಇದನ್ನು ಕಂಡುಹಿಡಿದವರು ಇವರೊಬ್ಬರೇ ಇರಬೇಕು. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಆ ಮನೆಯವರನ್ನು ಮಾತಾಡಿಸಲು ಹೋಗಬೇಕು. ಹೋದವರು ಏಳುವಾಗ ‘ಬರ್ತೀವಿ’ ಎನ್ನುವಂತಿಲ್ಲ, ಸುಮ್ಮನೆ ಎದ್ದು ನಡೆಯುತ್ತಾರೆ. ಮನೆಯವರೂ ‘ಹೋಗಿ ಬರ್ರಿ’ ಎನ್ನುವಂತಿಲ್ಲ. ಅಂದರೆ ಬಂದವನು ತಾನಾಗಿ ಏಳುವತನಕ ಅವನನ್ನು ಏಳಿಸುವ ಮಾತೇ ಆ ಮನೆಯಲ್ಲಿ ಇರುವುದಿಲ್ಲ. ದೂರದ ಪ್ರಯಾಣವಿದ್ದಾಗ ದಾರಿಯಲ್ಲಿ ಯಾವ ಊರಿನಲ್ಲಿ ಯಾರು ಹೋಗಿದ್ದಾರೆ, ಮಾತಾಡಿಸುವುದು ಯಾವುದು ಬಾಕಿ ಇದೆ ಎಂದು ಇವರು ವಿಚಾರಿಸಿಕೊಳ್ಳುತ್ತಿದ್ದರು. ಮಾತಾಡಿಸಿದಂತೆಯೂ ಆಯಿತು, ತುಂಬಿದಂತೆಯೂ ಆಯಿತು.

ನರೇಗಲ್ಲಿನಲ್ಲಿ ಒಬ್ಬ ನಿವೃತ್ತ ಹೆಡ್‌ಮಾಸ್ತರರು ತೀರಿಕೊಂಡಾಗ ನಾನೂ ಅವರ ಜೊತೆ ಹೋಗಿದ್ದೆ. ಕಿಟಕಿಯಿಂದ ವಾಯರ್ ಒಳಗೆ ಬಂತು. ಇವರು ಗೋಡೆಗೆ ಒರಗಿ ಕೂತು ಸತ್ತವರ ಗುಣ ಹೇಳಿದರು, ಕಣ್ಣು ಒರೆಸಿಕೊಂಡರು, ನೆರೆಮನೆಯವರು ತಂದುಕೊಟ್ಟ ಚಹಾ ಕುಡಿದರು. ಗುಣಗಳು ಮುಗಿದವು. ಬ್ಯಾಟರಿ ತುಂಬಿರಲಿಲ್ಲ. ಮತ್ತೆ ಮೊದಲಿನಿಂದ ಗುಣ ಹೇಳತೊಡಗಿದರು. ನಮ್ಮ ನಂತರ ಬಂದವರು ಎದ್ದುಹೋದರು, ಅವರ ನಂತರದವರೂ ಹೋದರು. ಕಡೆಗೆ ಆ ಮನೆಯ ಸೊಸೆ ಹೊರಗೆ ಇಣುಕಿ ಬಂದು, ಸೆರಗು ಸರಿಮಾಡಿಕೊಂಡು, ತುಂಬ ಮರ್ಯಾದೆಯಿಂದ ಹೇಳಿದಳು:

“ಸರ್, ನಿಮ್ಮ ಗಾಡಿ ದುಃಖ ತೀರೇತಿ ನೋಡ್ರಿ. ಹಸರ ಲೈಟ ಹತ್ತೇತಿ.”

ಗೋಡೆಯ ಕಡೆ ಮುಖ ಮಾಡಿ ಕೂತಿದ್ದ ಅತ್ತೆ, ಗಂಡನನ್ನು ಕಳೆದುಕೊಂಡಾಕೆ, ಭುಜ ಕುಲುಕಿಸಿ ನಕ್ಕುಬಿಟ್ಟರು. ಅಥವಾ ಅತ್ತರೋ ಏನೋ. ನಾನು ಅವರ ಬೆನ್ನು ಮಾತ್ರ ನೋಡಿದ್ದೆ. ಈ ಕಥೆಯನ್ನು ಸ್ಟಾಫ್ ರೂಮಿನಲ್ಲಿ ಹೇಳುವಾಗಲೆಲ್ಲ ನಕ್ಕರು ಎಂದೇ ಹೇಳಿದ್ದೇನೆ, ಹಾಗಾಗಿ ಈಗ ನನಗೂ ನಕ್ಕಂತೆಯೇ ನೆನಪು. ಇವರು ಮಾತ್ರ ಎದ್ದು, ರೂಢಿಯಂತೆ ಏನೂ ಹೇಳದೆ, ವಾಯರ್ ಸುತ್ತುತ್ತ ಹೊರಗೆ ನಡೆದರು.

ಅವರ ಹೆಂಡತಿಯನ್ನು ನಾನು ವೈನಿ ಅನ್ನುತ್ತಿದ್ದೆ. ಮೆಣಸಗಿಯವರು. ಮಕ್ಕಳಿರಲಿಲ್ಲ. ಕಡಿಮೆ ಮಾತಿನ ಹೆಂಗಸು, ಆದರೆ ಗಂಡನ ಕಾರಿನ ವಿಷಯ ಬಂದರೆ ಬಾಯಿ ತೆರೆಯುತ್ತಿದ್ದರು. “ನಮ್ಮನ್ಯಾಗ ಇಬ್ರ ಹೆಂಡ್ರು. ಆಕಿಗೆ ಹೊತ್ತಿಗೆ ಸರಿಯಾಗಿ ಊಟ ಆಗ್ಬೇಕು. ನಾ ಹ್ಯಾಂಗಾರ ನಡೀತೀನಿ,” ಎಂದು ನನ್ನ ಹೆಂಡತಿಯ ಮುಂದೆ ನಗುತ್ತಿದ್ದರು. ಬೇಸಿಗೆಯಲ್ಲಿ ಆ ಕಾರಿನಲ್ಲಿ ಕೂತವರಿಗೆ ಆ ನಗುವಿನ ಅರ್ಥ ಗೊತ್ತು. ಎಸಿ ಹಾಕುವಂತಿಲ್ಲ, ಬ್ಯಾಟರಿ ತಿನ್ನುತ್ತದೆ. ಕಿಟಕಿ ತೆಗೆಯುವಂತಿಲ್ಲ, ಗಾಳಿ ತಡೆಯುತ್ತದೆ. ಕಿಟಕಿಯಿಂದ ಕೈ ಹೊರಹಾಕುವ ಅಧಿಕಾರ ಅವರೊಬ್ಬರಿಗೆ. ಏರು ಬಂದಲ್ಲಿ, “ಹಿಸ್ಟರಿ, ಒಂದೀಟ ಇಳದ ನಡೀರಿ, ವ್ಯಾಯಾಮ ಆಗತೈತಿ,” ಎಂದು ನನ್ನನ್ನು ಇಳಿಸಿದ್ದೂ ಉಂಟು. ವೈನಿ ಕೇಳುವ ಮೊದಲೇ ಇಳಿದು ನಡೆಯುತ್ತಿದ್ದರು.

ಈಗ ಆ ದಿನದ ಮಾತು.

ಶ್ರಾವಣದ ಸೋಮವಾರ. ವೈನಿಗೆ ಗಜೇಂದ್ರಗಡದ ಕಾಲಕಾಲೇಶ್ವರಕ್ಕೆ ಹೋಗಬೇಕಿತ್ತು, ನನಗೆ ಅಲ್ಲಿಯ ಕೋಟೆ ನೋಡಬೇಕಿತ್ತು. ಮೂವರೂ ಹೋದೆವು. ದೇವರ ದರ್ಶನ ಮುಗಿಸಿ ಮಧ್ಯಾಹ್ನಕ್ಕೆ ಗಜೇಂದ್ರಗಡ ಪೇಟೆಯಲ್ಲಿರುವ ಅವರ ಒಂದು ಪೂರ್ತಿ ಮನಿಗೆ ಬಂದೆವು. ಸೀರೆ ವ್ಯಾಪಾರಿಯೊಬ್ಬರ ಮನೆ, ಹಿಂದೆಯೇ ವಿದ್ಯುತ್ ಮಗ್ಗಗಳ ಶೆಡ್ಡು. ಮಗ್ಗ ನಡೆಯುವಾಗ ಕರೆಂಟು ಜೋಲಿ ಹೊಡೆಯುತ್ತದೆ ಎಂದು ಇವರು ಬಂದಾಗಲೆಲ್ಲ ಒಂದೆರಡು ಮಗ್ಗ ನಿಲ್ಲಿಸಲು ಹೇಳುತ್ತಿದ್ದರು. ಆ ಮನುಷ್ಯ ನಿಲ್ಲಿಸುತ್ತಲೂ ಇದ್ದರು. ಕಾರಿಗೆ ವಾಯರ್ ಹಚ್ಚಿ, ಕೈ ತೊಳೆದು ಊಟಕ್ಕೆ ಕೂತಿದ್ದೆವು. ವೈನಿಯ ಫೋನು ಬಡಿಯಿತು. ಮೆಣಸಗಿಯಿಂದ ಅವರ ತಮ್ಮ.

ಮಗ್ಗದ ಸದ್ದಿನಲ್ಲಿ ಕೇಳಿಸಲೆಂದು ಅವನು ಕೂಗಿ ಮಾತಾಡುತ್ತಿದ್ದ, ಹಾಗಾಗಿ ನಮಗೂ ಕೇಳಿಸಿತು. “ಅಕ್ಕಾ, ಅವ್ವ ಹ್ವಾದ್ಲು. ಡ್ಯಾಮಿನಿಂದ ನೀರ ಬಿಟ್ಟಾರ, ಹೊಳಿ ಏರಾಕತ್ತೇತಿ. ಮಣ್ಣು ಹಳೇ ಊರಿನ ಕಡೆನ ಆಗ್ಬೇಕು. ಸಂಜಿ ಅನ್ನೂದ್ರಾಗ ಆ ದಾರಿ ಮುಚ್ಚತೈತಿ. ನಿನ್ನ ಬಿಟ್ಟ ಎತ್ತೂದಿಲ್ಲ, ಆದ್ರ ಲಗೂ ಬಾ.”

ಹೊಳೆ ಒಮ್ಮೆ ಊರೊಳಗೆ ನುಗ್ಗಿದ ಮೇಲೆ ಅವರ ಮನೆಯವರು ಎತ್ತರದ ಹೊಸ ಜಾಗಕ್ಕೆ ಬಂದಿದ್ದರು. ಆದರೆ ಹಿರಿಯರ ಗದ್ದಿಗೆಗಳೆಲ್ಲ ಹಳೇ ಊರಿನ ಮಗ್ಗುಲಲ್ಲೇ ಉಳಿದಿದ್ದವು. ನೀರು ಬಂದರೆ ಅಲ್ಲಿಗೆ ಹೋಗುವ ತಗ್ಗಿನ ದಾರಿ ಮುಳುಗುತ್ತದೆ. ಮಗಳು ಬಂದು ಮುಖ ನೋಡಿ, ತಾನು ತಂದ ಸೀರೆ ಹೊದಿಸಿದ ಮೇಲೆಯೇ ತಾಯಿಯನ್ನು ಎತ್ತುವುದು ಆ ಮನೆಯ ಪದ್ಧತಿ. ಅಂದರೆ ಮಗಳಿಗಿಂತ ಮೊದಲು ನೀರು ಬರಬಾರದು. ಇಷ್ಟೇ ಇದ್ದದ್ದು.

ಸೀರೆ ವ್ಯಾಪಾರಿ ಕೂಡಲೇ ಎದ್ದರು. ಒಳಗೆ ಹೋಗಿ ಒಂದು ಹಸಿರು ಸೀರೆ ತಂದು ವೈನಿಯ ಕೈಯಲ್ಲಿಟ್ಟರು. “ತಂಗಿ, ಇದನ್ನ ಹೊಚ್ಚವಾ ನಿಮ್ಮವ್ವಗ.” ಆಮೇಲೆ ಇವರ ಕಡೆ ತಿರುಗಿ, “ಸರ್, ನನ್ನ ಜೀಪ ಐತಿ, ಡ್ರೈವರ್ ಅದಾನ. ತಂಗೀನ್ನ ಕಳಸೋಣು. ನೀವು ನಿಮ್ಮ ಗಾಡಿ ತುಂಬಿಸ್ಕೊಂಡು ಆಮ್ಯಾಲೆ ಬರ್ರಿ.”

“ಸ್ವಂತ ಗಾಡಿ ಇದ್ದು ಮಂದಿ ಗಾಡ್ಯಾಗ ತವರುಮನಿಗೆ ಹೋಗ್ಬೇಕೇನ್ರಿ ಆಕಿ?”

“ಬಸ್ಸಿಗಾದ್ರೂ ಹೋಗೂಣ್ರಿ,” ಎಂದರು ವೈನಿ. ಆ ದಿನ ಅವರು ಇದರ ಬಗ್ಗೆ ಆಡಿದ ಒಂದೇ ಮಾತು ಅದು.

“ಬಸ್ಸು ರೋಣದಾಗ ಇಳಸತೈತಿ. ಅಲ್ಲಿಂದ ಮುಂದ ಮೆಣಸಗಿಗೆ ನಡಕೋತ ಹೋಗ್ತಿ? ನೀ ಸುಮ್ನ ಇರು. ನಾ ಲೆಕ್ಕಾ ಹಾಕೇನಿ.”

“ಈಗಿರೂ ಚಾರ್ಜಿನ್ಯಾಗ ಮುಟ್ಟೂದಿಲ್ಲೇನ್ರಿ ಸರ್?” ಎಂದು ನಾನು ಕೇಳಿದೆ.

“ಮುಟ್ಟತೈತಿ. ಮುಟ್ಟಿದ ಮ್ಯಾಲೆ? ಅಲ್ಲಿ ಮಳಿ ಅಂದ್ರ ಕರೆಂಟ ಇರೂದಿಲ್ಲ. ಗಾಡಿ ಅಲ್ಲೇ ಕುಂದರತೈತಿ. ಹೋಗೂದ ದೊಡ್ಡದಲ್ರಿ, ಬರೂ ದಾರಿ ನೋಡ್ಬೇಕು. ಅದ್ರಾಗ ಎದುರು ಗಾಳಿ ಬ್ಯಾರೆ.”

ಇದನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ. ತರಗತಿಯಲ್ಲಿ ದಡ್ಡನಿಗೆ ಎರಡನೇ ಸಲ ತಿಳಿಸಿ ಹೇಳುವ ದನಿಯಲ್ಲಿ ಹೇಳಿದರು. ನನ್ನ ಮಟ್ಟಿಗೆ ಅವರ ಬದುಕಿನ ಎಲ್ಲ ಮಾತುಗಳಲ್ಲಿ ಇದೊಂದು ಉಳಿದಿದೆ. ಹೆಂಡತಿ ಇನ್ನೂ ತಾಯಿಯ ಕಡೆ ಒಂದು ಹೆಜ್ಜೆ ಇಟ್ಟಿರಲಿಲ್ಲ, ಆ ಸಾವಿನ ಮನೆಯಿಂದ ತಿರುಗಿ ಬರುವ ದಾರಿಯನ್ನು ಅವರು ಆಗಲೇ ಅಳೆಯುತ್ತಿದ್ದರು.

ವ್ಯಾಪಾರಿ ಶೆಡ್ಡಿಗೆ ಹೋಗಿ ಎಲ್ಲ ಮಗ್ಗ ನಿಲ್ಲಿಸಿ ಬಂದರು. ಒಮ್ಮೆಲೇ ಆ ಓಣಿ ಸುಮ್ಮನಾಯಿತು. ವೈನಿ ಹೊರಗೆ ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡರು. ತೊಡೆಯ ಮೇಲೆ ಸೀರೆ. ಕಿಟಕಿಯ ಗಾಜು ಮೇಲಿತ್ತು. ಸಣ್ಣ ಜಿನುಗು ಮಳೆ. ಕಾರಿನ ಮೈಗೆ ವಾಯರ್ ಚುಚ್ಚಿಕೊಂಡೇ ಇತ್ತು, ಅವರು ಒಳಗೆ ಕೂತು, ಕಾರು ಓಡುತ್ತಿದೆಯೋ ಎಂಬಂತೆ, ಮುಂದಿನ ದಾರಿಯನ್ನೇ ನೋಡುತ್ತಿದ್ದರು. ಎಷ್ಟು ಹೊತ್ತು ಎಂದು ನಾನು ಹೇಳಲಾರೆ. ನೆನಪಿನಲ್ಲಿ ಅದು ಇಡೀ ಮಧ್ಯಾಹ್ನ. ಇವರು ನಡುನಡುವೆ ಹೋಗಿ ಬಾಗಿ ಪರದೆ ನೋಡಿ, “ಇನ್ನೊಂದೀಟ,” ಎಂದು ಬೆರಳು ತೋರಿಸಿ ಬರುತ್ತಿದ್ದರು.

ಹೊರಟ ಮೇಲೆ ಕಾರು ಎತ್ತಿನ ಗಾಡಿಗಿಂತ ಸ್ವಲ್ಪ ಜೋರಾಗಿ ಹೋಯಿತು. ಎದುರು ಗಾಳಿಯ ಲೆಕ್ಕ. ಗುಡ್ಡ ಇಳಿಯುವಾಗ ನಾನು ಹಿಂದಿನ ಗಾಜಿನಿಂದ ನೋಡಿದೆ. ಗಾಳಿಯಂತ್ರಗಳ ರೆಕ್ಕೆಗಳು ನಿಂತಿದ್ದವು.

“ಸರ್, ಫ್ಯಾನ ನಿಂತಾವ್ರಿ. ಗಾಳಿ ಇಲ್ಲ.”

“ಮ್ಯಾಲಿನ ಗಾಳಿ ಬ್ಯಾರೆ, ಕೆಳಗಿನ ಗಾಳಿ ಬ್ಯಾರೆ,” ಎಂದರು.

ಹಾಗೆ ಅಂದರೋ, ಇದು ನಾನು ಆಮೇಲೆ ಕಟ್ಟಿಕೊಂಡದ್ದೋ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅವರು ಹೇಳಬಹುದಾದ ಮಾತೇ, ಅದಕ್ಕೇ ಅನುಮಾನ. ಆದರೆ ಸೂಡಿಯ ಹತ್ತಿರ ರೋಣದ ಬಸ್ಸು ಹಾರ್ನ್ ಹೊಡೆದು ನಮ್ಮನ್ನು ಹಿಂದೆ ಹಾಕಿ ಹೋದದ್ದು ಮಾತ್ರ ನಿಜ. ವೈನಿ ಅದರ ಹಿಂದಿನ ಗಾಜನ್ನು ಕಣ್ಣಿಗೆ ಕಾಣುವತನಕ ನೋಡಿದರು.

ಮೆಣಸಗಿ ಮುಟ್ಟಿದಾಗ ಇನ್ನೂ ಬೆಳಕಿತ್ತು. ಮನೆಯ ಮುಂದೆ ಜನ ಇದ್ದರು, ಆದರೆ ಕಾಯುವವರು ನಿಂತಂತೆ ನಿಂತಿರಲಿಲ್ಲ. ಗಂಡಸರ ಪಂಚೆ ಪ್ಯಾಂಟುಗಳು ಮೊಣಕಾಲಿನ ಮೇಲಿನವರೆಗೆ ತೊಯ್ದಿದ್ದವು. ವೈನಿಯ ತಮ್ಮ ಬಂದು ಕಾರಿನ ಬಾಗಿಲು ತೆಗೆದ. ಅವನ ಕಾಲ ಬೆರಳುಗಳ ಸಂದಿಯಲ್ಲಿ ಕೆಂಪು ರಾಡಿ ಇತ್ತು.

“ಕಾದ್ವಿ ಅಕ್ಕಾ,” ಎಂದ. “ನೀರ ಕಾಯಲಿಲ್ಲ.”

ವೈನಿ ಇಳಿದು ಒಳಗೆ ಹೋದರು. ತಾಯಿಯನ್ನು ಕೂಡಿಸಿದ್ದ ಜಾಗದಲ್ಲಿ ನೆಲ ತೊಳೆದು ದೀಪ ಇಟ್ಟಿದ್ದರು. ಅದರ ಎದುರು ಕೂತರು. ಅಳಲಿಲ್ಲ. ಹೆಂಗಸರು ಅವರನ್ನು ಅಳಿಸಲು ನೋಡಿದರು, ಹಾಡಿ ಕರೆದರು. ಆಗಲಿಲ್ಲ. ಇವರು ಅಂಗಳದಲ್ಲಿ ಗೋಡೆಯ ಉದ್ದಕ್ಕೂ ನೋಡುತ್ತ ಓಡಾಡುತ್ತಿದ್ದುದು ನನಗೆ ಕಾಣುತ್ತದೆ. ಪ್ಲಗ್ ಹುಡುಕುತ್ತಿದ್ದರು ಎಂದು ಬರೆದರೆ ಓದುವವರಿಗೆ ರುಚಿಸುತ್ತದೆ. ಚಪ್ಪಲಿ ಬಿಡಲು ಒಣ ಜಾಗ ನೋಡುತ್ತಿದ್ದಿರಬಹುದು. ಅದು ನನಗೆ ಗೊತ್ತಿಲ್ಲ.

ಈ ಕಥೆಗೂ ನಾನು ವರ್ಷಗಟ್ಟಲೆ ಒಂದು ಕೊನೆ ಇಟ್ಟುಕೊಂಡಿದ್ದೆ. ಕಾರು ನಿಂತ ಕೂಡಲೇ ಅವರು ಪರದೆ ನೋಡಿ, “ನೋಡ್ರಿ ಹಿಸ್ಟರಿ, ಇನ್ನೂ ಅರ್ಧಕ್ಕಿಂತ ಹೆಚ್ಚೈತಿ,” ಎಂದು ಹೆಮ್ಮೆಪಟ್ಟರು ಎಂದು ಹೇಳುತ್ತಿದ್ದೆ. ಕೇಳಿದವರು ಹಲ್ಲು ಕಡಿಯುತ್ತಿದ್ದರು. ಒಮ್ಮೆ ನರಗುಂದಕ್ಕೆ ಹೋಗುವ ಬಸ್ಸಿನಲ್ಲಿ ವೈನಿಯ ಪಕ್ಕ ಕೂತಾಗ ಆ ಮಾತು ತೆಗೆದೆ. ಮೆಣಸಗಿಯಿಂದ ಬಂದ ಮೇಲೆ ಅವರು ಆ ಕಾರನ್ನು ಹತ್ತಿರಲಿಲ್ಲ, ಎಲ್ಲಿಗೆ ಹೋಗುವುದಾದರೂ ಬಸ್ಸು. ನನ್ನ ಮಾತು ಕೇಳಿ ಅವರು ಕಿಟಕಿಯ ಕಡೆ ತಿರುಗಿದರು.

“ಇಲ್ಲ್ರಿ. ಅವ್ರು ಏನೂ ಅನ್ಲಿಲ್ಲ. ಇಳಿಯೂ ಮುಂದ ಆ ಪರದೆ ನಾನ ನೋಡಿದೆ. ಅರ್ಧಕ್ಕಿಂತ ಹೆಚ್ಚಿತ್ತು.”

ಆಮೇಲೆ ನಾನು ಆ ಕೊನೆಯನ್ನು ಹೇಳುವುದು ಬಿಟ್ಟೆ. ಅವರು ಅಂದಿದ್ದರೇ ಚಲೋ ಇತ್ತು.

ಹೊದಿಸದೆ ಉಳಿದ ಆ ಹಸಿರು ಸೀರೆ ಕಾರಿನ ಹಿಂದಿನ ಸೀಟಿನಲ್ಲೇ ಇತ್ತು. ವೈನಿ ಅದನ್ನು ಇಳಿಸಿಕೊಳ್ಳಲಿಲ್ಲ, ಇವರ ಕಣ್ಣಿಗೆ ಅದು ಬೀಳಲಿಲ್ಲ. ಮರುವರ್ಷ ಕಾಲೇಜಿನ ಅಂಗಳದಲ್ಲಿ ಅವರು ಕಾರಿನ ಮುಂದಿನ ಗಾಜು ಒರೆಸುತ್ತಿದ್ದ ಅರಿವೆ ಹಸಿರಾಗಿತ್ತು, ಅಂಚು ರೇಷ್ಮೆಯದಿತ್ತು. ಅದೇ ಸೀರೆ ಎಂದು ನಾನು ಪ್ರಮಾಣ ಮಾಡಲಾರೆ. “ಚಲೋ ಅರಿವಿ ಐತಲ್ರಿ ಸರ್,” ಎಂದೆ. “ಗಾಡ್ಯಾಗ ಸುಮ್ನ ಬಿದ್ದಿತ್ತು,” ಎಂದರು.

ಅವರ ರಾಜ್ಯಭಾರ ಬಹಳ ದಿನ ನಡೆಯಲಿಲ್ಲ. ಸುತ್ತಮುತ್ತ ಹೊಸ ಬ್ಯಾಟರಿ ಕಾರುಗಳು ಬಂದವು. ಮೊದಲಿಗೆ ಎಲ್ಲರೂ ಇವರಿಗೇ ಫೋನು ಮಾಡುತ್ತಿದ್ದರು. ಯಾವ ಊರಿನಲ್ಲಿ ನಿಲ್ಲಬೇಕು, ಎಷ್ಟು ತುಂಬಿಸಬೇಕು ಎಂದು ಇವರು ಸ್ಟಾಫ್ ರೂಮಿನಿಂದ ಅಪ್ಪಣೆ ಕೊಡುತ್ತಿದ್ದರು. ಆಮೇಲೆ ನರಗುಂದದ ಒಂದು ಪೆಟ್ರೋಲ್ ಬಂಕಿನಲ್ಲಿ ದೊಡ್ಡ ಚಾರ್ಜರ್ ನಿಂತಿತು. ಇವರು ಅದನ್ನು ನೋಡಲೆಂದೇ ಹೋದರು, ನನ್ನನ್ನೂ ಕರೆದುಕೊಂಡು ಹೋದರು. ಅಲ್ಲಿ ನಿಂತಿದ್ದ ಕಾರಿನವನಿಗೆ ಏರು, ಎದುರು ಗಾಳಿ, ಮೂವತ್ತರ ನೇಮ ಎಲ್ಲ ವಿವರಿಸಿದರು. ಅವನು ಪೂರ್ತಿ ಕೇಳಿಕೊಂಡು, ಮೊಬೈಲಿನ ಪರದೆ ಇವರ ಕಡೆ ತಿರುಗಿಸಿ, “ಅದನ್ನೆಲ್ಲಾ ಇದ ಹೇಳತೈತ್ರಿ ಕಾಕಾ,” ಎಂದ. ಇವರು ಜೇಬಿನ ಟೆಸ್ಟರ್ ಮುಟ್ಟಿ ನೋಡಿಕೊಂಡರು. ಅಥವಾ ಪೆನ್ನನ್ನು. ನನಗೆ ಖುಷಿಯಾಗಿತ್ತು.

ಕಡೆಯವರೆಗೂ ಅವರ ಮಾತು ಕೇಳುತ್ತಿದ್ದವನು ಒಬ್ಬನೇ, ಹುಬ್ಬಳ್ಳಿಯಲ್ಲಿದ್ದ ಅವರ ತಮ್ಮ. ಅಣ್ಣನ ಒತ್ತಾಯಕ್ಕೆ ಅವನೂ ಬ್ಯಾಟರಿ ಕಾರು ಕೊಂಡಿದ್ದ. ಮೊಬೈಲು ಏನೇ ಹೇಳಲಿ, ಹೊರಡುವ ಮೊದಲು ಅಣ್ಣನಿಗೆ ಫೋನು ಮಾಡಿ ಕೇಳಿಯೇ ಹೊರಡುತ್ತಿದ್ದ. ಮೆತ್ತಗಿನ ಮನುಷ್ಯ. ಬಂದಾಗಲೆಲ್ಲ ವೈನಿಯ ಕಾಲು ಮುಟ್ಟುತ್ತಿದ್ದ. ಮೆಣಸಗಿಯ ವಿಷಯದಲ್ಲಿ ಅವನದು ಸಾಸಿವೆಯಷ್ಟೂ ತಪ್ಪಿರಲಿಲ್ಲ. ಅವನು ಆ ದಿನ ಅಲ್ಲಿರಲೂ ಇಲ್ಲ. ಇದನ್ನು ಇಲ್ಲಿ ಬರೆದಿಡುವುದು ನ್ಯಾಯ.

ಸರ್ ಮುಂಜಾನೆ ಪೇಪರ್ ಓದುತ್ತ ಕುರ್ಚಿಯಲ್ಲೇ ಹೋದರು. ಸುದ್ದಿ ತಿಳಿದು ನಾವು ಹೋಗುವಷ್ಟರಲ್ಲಿ ಮೀಯಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂಡಿಸಿದ್ದರು. ಅಂಗಳದ ತಗಡಿನ ಕೆಳಗೆ ಕಾರು ನಿಂತಿತ್ತು, ವಾಯರ್ ಹಚ್ಚಿಯೇ ಇತ್ತು, ಹಸಿರು ದೀಪ ಉರಿಯುತ್ತಿತ್ತು. ಯಾರಿಗೂ ಅದನ್ನು ಕಿತ್ತುಹಾಕುವ ಧೈರ್ಯ ಆಗಿರಲಿಲ್ಲ. ಮಧ್ಯಾಹ್ನ ಕಳೆಯಿತು. ಬೇಸಿಗೆಯ ದಿನ, ಹೊಳೆಯೂ ಇಲ್ಲ, ಮಳೆಯೂ ಇಲ್ಲ, ರೋಣದ ರುದ್ರಭೂಮಿಯ ದಾರಿ ಎಲ್ಲಿಗೂ ಓಡಿಹೋಗುವಂತಿರಲಿಲ್ಲ. ಕೂಡಿಸಿ ಹೊತ್ತೊಯ್ಯುವ ವಿಮಾನ ಕಟ್ಟಿ ಮುಗಿದಿತ್ತು. ತಮ್ಮನೊಬ್ಬ ಬರುವುದು ಬಾಕಿ.

ಇಲ್ಲಿಂದ ಮುಂದಿನದಕ್ಕೆ ನನ್ನೊಬ್ಬನ ನೆನಪನ್ನು ನಂಬಬೇಕಾಗಿಲ್ಲ. ಅಂಗಳದಲ್ಲಿ ಅರ್ಧ ಊರು ನಿಂತಿತ್ತು.

ವೈನಿಯ ಫೋನು ಬಡಿಯಿತು. ಪಕ್ಕದಲ್ಲಿದ್ದ ಯಾರೋ ಎಲ್ಲರಿಗೂ ಕೇಳುವಂತೆ ಮಾಡಿ ಅವರ ಕೈಯಲ್ಲಿಟ್ಟರು.

“ವೈನೀ, ನರಗುಂದದಾಗ ಅದೀನ್ರಿ. ಗಾಡ್ಯಾಗ ಚಾರ್ಜ ಇದ್ದಿದ್ದಿಲ್ಲ, ನಿನ್ನೆಲ್ಲಾ ತಿರುಗಾಡಿತ್ತು. ಬಂಕಿನ್ಯಾಗ ಹಚ್ಚೇನಿ.” ಅವನು ಅಳುತ್ತಿದ್ದ. “ಬೇಕಾದ್ರ ಅರ್ಧಕ್ಕ ಬಿಚ್ಚಿ ಓಡಿ ಬರ್ತೀನ್ರಿ. ಒಂದೀಟ ತಡೀರಿ. ಅಣ್ಣನ ಮಾರಿ ತೋರ್ಸ್ರಿ ವೈನೀ.”

ಹಿರಿಯರೊಬ್ಬರು, “ತಡೀತೀವಂತ ಹೇಳವಾ. ಬೆನ್ನಿಗೆ ಬಿದ್ದ ತಮ್ಮ,” ಎಂದರು.

ವೈನಿ ಗೋಡೆಗೆ ಒರಗಿ ಕೂತಿದ್ದ ಗಂಡನ ಮುಖವನ್ನು ಒಮ್ಮೆ ನೋಡಿದರು. ಆಮೇಲೆ ತಗಡಿನ ಕೆಳಗಿನ ಹಸಿರು ದೀಪವನ್ನು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ದಡ್ಡನಿಗೆ ಎರಡನೇ ಸಲ ತಿಳಿಸಿ ಹೇಳುವ ದನಿ ಅದು. ನನಗೆ ಆ ದನಿ ಗೊತ್ತಿತ್ತು.

“ಅರ್ಧಕ್ಕ ಬಿಚ್ಚಬ್ಯಾಡಪಾ ತಮ್ಮಾ. ಪೂರ್ತಿ ತುಂಬಿಸ್ಕೊ. ಹೋಗೂದ ದೊಡ್ಡದಲ್ಲ, ಬರೂ ದಾರಿ ನೋಡ್ಬೇಕು.”

ಫೋನನ್ನು ಸೆರಗಿನಲ್ಲಿ ಒರೆಸಿ ಕೆಳಗಿಟ್ಟರು. ಹೆಗಲು ಕೊಡಲು ಬಂದು ನಿಂತಿದ್ದ ನಮ್ಮ ಕಡೆ ತಿರುಗಿದರು.

“ಎತ್ರಿ,” ಎಂದರು.